ಏನೂ ಕೇಳದ ಗಿಡ

ಇವತ್ತು ಭಾನುವಾರ. ಬೆಳಗ್ಗೆ ಎದುರುಮನೆಯಾಕೆ ಬಿಳಿ ಪಿಂಗಾಣಿ ಕುಂಡವೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದರು. ದೇವರಾಜ ಅರಸು ಬಡಾವಣೆಯ ಈ ಬೀದಿಗೆ ಅವರು ಬಂದು ಇನ್ನೂ ಮೂರು ತಿಂಗಳಾಗಿಲ್ಲ. ಗಂಡ ಹೆಂಡತಿ ಇಬ್ಬರಿಗೂ ನೌಕರಿ; ಬೆಳಗ್ಗೆ ಬೀಗ ಬಿದ್ದ ಬಾಗಿಲು ತೆರೆಯುವುದು ದೀಪ ಹಚ್ಚುವ ಹೊತ್ತಿಗೆ. ನೀರು ಹಾಕುವುದು ಮರೆತರೂ ಸಾಯದಂಥ ಗಿಡ ಯಾವುದಾದರೂ ಇದ್ದರೆ ಕೊಡಿ, ನಮ್ಮ ಕೈಯಲ್ಲಿ ತುಳಸಿಯೂ ಉಳಿಯುವುದಿಲ್ಲ ಎಂದು ನಕ್ಕರು. ನಾನೂ ನಕ್ಕೆ. ಸಂಜೆ ಬನ್ನಿ ಎಂದು ಕುಂಡ ಇಟ್ಟುಕೊಂಡು ಅವರನ್ನು ಕಳಿಸಿ, ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಒಂದು ಕಾಲಕ್ಕೆ ಈ ವಿಷಯದಲ್ಲಿ ನನ್ನನ್ನು ಮೀರಿಸುವವರು ದಾವಣಗೆರೆಯಲ್ಲೇ ಇರಲಿಲ್ಲ ನೋಡಿ. ಹಾಗಂತ ನಾನೇ ತಿಳಿದುಕೊಂಡಿದ್ದೆ. ಏಕೀಕರಣವಾಗಿ ನಾಲ್ಕೈದು ವರ್ಷವಾಗಿತ್ತು. ನಾವಿದ್ದದ್ದು ಹಳೇ ಊರಿನಲ್ಲಿ, ಹತ್ತಿ ಗಿರಣಿಯ ಸೈರನ್ ಕೇಳಿ ಒಲೆ ಹಚ್ಚುವ ಓಣಿಯಲ್ಲಿ. ಒಡೆದ ಗಡಿಗೆ, ತಳ ತೂತಾದ ಬಕೆಟ್ಟು, ಎಣ್ಣೆ ಡಬ್ಬಿ, ಯಾವುದನ್ನೂ ಬಿಸಾಡದೆ ಗಿಡ ಹಚ್ಚುತ್ತಿದ್ದೆ, ಹಚ್ಚಿದ್ದನ್ನು ಹಂಚುತ್ತಿದ್ದೆ. ಮನೆಯವರ ಸ್ವಭಾವ ನೋಡಿ ಗಿಡ ಆರಿಸಿ ಕೊಡುವುದು ನನ್ನ ದೊಡ್ಡ ಜಂಬ. ಮಾತೆತ್ತಿದರೆ ತವರಿಗೆ ಹೊರಡುವವಳಿಗೆ ಕಾಡುಬಸಳೆ; ಅದರ ಎಲೆ ಬಿದ್ದಲ್ಲೇ ಬೇರು ಬಿಡುತ್ತದೆ. ಎರಡು ಪಾಳಿ ದುಡಿಯುವವನ ಮನೆಗೆ ನಿತ್ಯಪುಷ್ಪ. ಗೋಡೆ ಸಂದಿಯಲ್ಲೂ ಹೂ ಬಿಡುವ ನಾಚಿಕೆಗೆಟ್ಟದ್ದು ಅದು. ತೀರಾ ಸೋಮಾರಿಗಳಿಗೆ ಲೋಳೆಸರ. ಬೇರು ಮೇಲೆ ಮಾಡಿ ಬಾಗಿಲಿಗೆ ತೂಗುಹಾಕಿದರೂ ಗಾಳಿ ಕುಡಿದು ತಿಂಗಳುಗಟ್ಟಲೆ ಬದುಕುವ ಗಿಡಕ್ಕೆ ಇನ್ನೇನು ಆರೈಕೆ? ನೀನು ಜಾತಕ ನೋಡಲು ಕೂತರೆ ಇದಕ್ಕಿಂತ ಚೆನ್ನಾಗಿ ನಡೆಯುತ್ತದೆ ಎಂದು ನಮ್ಮ ಯಜಮಾನರು ರೇಗಿಸುತ್ತಿದ್ದರು.

ನನ್ನ ತಮ್ಮ ಚಂದ್ರಪ್ಪ ಆಗ ಹರಿಹರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಕೆಟ್ಟವನಲ್ಲ. ಮರೆಗುಳಿಯೂ ಅಲ್ಲ, ತನ್ನ ಪಾಳಿ, ತನ್ನ ಸೈಕಲ್ಲು, ತನ್ನ ಇಸ್ಪೀಟು ಎಲ್ಲ ನೆನಪಿರುತ್ತಿತ್ತು. ಕಣ್ಣೆದುರಿಗಿದ್ದವರು ಉಂಡರೋ ಇಲ್ಲವೋ ಎಂಬುದು ಮಾತ್ರ ಅವನಿಗೆ ಹೊಳೆಯುತ್ತಿರಲಿಲ್ಲ. ಅವ್ವ ತೀರಿಕೊಂಡಿದ್ದರಿಂದ ಹುಡುಗಿ ನೋಡುವುದು ನನ್ನ ಪಾಲಿಗೆ ಬಂತು. ಒಬ್ಬಳು ಮನೆಯಲ್ಲಿ ನಲ್ಲಿ ಇದೆಯೇ ಎಂದು ಕೇಳಿದಳು. ಇನ್ನೊಬ್ಬಳು ತಿಂಗಳಿಗೊಮ್ಮೆಯಾದರೂ ತವರಿಗೆ ಕಳಿಸುತ್ತೀರಾ ಎಂದಳು. ಆವರಗೆರೆಯ ಗೌರಮ್ಮ ಏನೂ ಕೇಳಲಿಲ್ಲ. ಆರು ಹೆಣ್ಣುಮಕ್ಕಳಲ್ಲಿ ಐದನೆಯವಳು. ನಿನಗೇನಾದರೂ ಬೇಕೇನವ್ವ ಎಂದರೆ ತಲೆ ತಗ್ಗಿಸಿ, ಏನೂ ಬ್ಯಾಡ್ರಿ ಅಂದಳು. ಮನೆಗೆ ಬಂದು ಯಜಮಾನರಿಗೆ, ನಮ್ಮ ಚಂದ್ರನ ಕೈಯಲ್ಲೂ ಬಾಳುವಂಥ ಹುಡುಗಿ ಸಿಕ್ಕಳು ಎಂದೆ. ಲೋಳೆಸರಕ್ಕೆ ಹೇಳುವ ಮಾತನ್ನೇ ಹೇಳಿದ್ದೆ. ಆಗ ಅದು ನನ್ನ ಕಿವಿಗೇ ಬೀಳಲಿಲ್ಲ.

ಮದುವೆಯಾಗಿ ಹರಿಹರಕ್ಕೆ ಹೊರಟಾಗ ಅಗಲ ಬಾಯಿಯ ಕುಂಡದಲ್ಲಿ ಲೋಳೆಸರ ಹಚ್ಚಿ ಜೊತೆಗೆ ಕೊಟ್ಟೆ. ವರ್ಷ ತುಂಬುವುದರೊಳಗೆ ಗೌರಮ್ಮ ಬಸುರಿ ಎಂದು ತಮ್ಮ ಯಾರ ಕೈಲೋ ಹೇಳಿಕಳಿಸಿದ. ನಾಲ್ಕನೇ ತಿಂಗಳಲ್ಲಿ ರೈಲು ಹತ್ತಿ ಹೋದೆ. ಹೊಳೆ ಕಡೆಯ ಎರಡಂಕಣದ ಬಾಡಿಗೆ ಮನೆ. ಹುಡುಗಿ ಬಿಳಿಚಿಕೊಂಡಿದ್ದಳು, ಮೊದಲ ಬಸುರಲ್ಲವೇ ಎಂದುಕೊಂಡೆ. ಏನು ತಿನ್ನಬೇಕು ಅನ್ನಿಸುತ್ತದೆ, ಬಯಕೆ ಏನು ಹೇಳು ಎಂದೆ.

"ಏನೂ ಬ್ಯಾಡ್ರಿ ಅಕ್ಕಾರ."

ಸರಿ ಎಂದು ಹಿತ್ತಲಿಗೆ ಗಿಡ ನೋಡಲು ಹೋದೆ. ಗಿಡ ಹಸಿರಾಗೇ ಇತ್ತು. ಕುಂಡದ ಮಣ್ಣು ಮಾತ್ರ ಅರ್ಧಕ್ಕಿಳಿದಿತ್ತು. ನೀರು ಹಾಕಿದಂಗೆಲ್ಲ ಇಳಿದು ಹೋಗ್ತೈತ್ರಿ ಅಂದಳು. ಇದಕ್ಕೆ ಇಷ್ಟೊಂದು ನೀರು ಯಾಕ ಹಾಕ್ತೀಯವ್ವ ಎಂದು ಬುದ್ಧಿ ಹೇಳಿ, ಹೊಲದ ಬದುವಿನಿಂದ ಹುತ್ತದ ಮಣ್ಣು ತಂದೆ. ಕಲ್ಲು ಕಡ್ಡಿ ಇರಬಾರದೆಂದು ಅವಳದೇ ಜರಡಿ ಹಿಡಿದು ಕಂಠಮಟ್ಟ ತುಂಬಿದೆ. ನೀರು ಚಿಮುಕಿಸಿದಾಗ ಘಮ್ಮೆಂದಿತು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಗೌರಮ್ಮನ ಮುಖ ಅರಳಿತು. ಗಿಡದ ಮೇಲೆ ಎಷ್ಟು ಪ್ರೀತಿ ಈ ಹುಡುಗಿಗೆ ಎಂದು ನನಗೆ ಹೆಮ್ಮೆಯಾಯಿತು. ಎರಡು ತಿಂಗಳು ಬಿಟ್ಟು ಹೋದಾಗ ಮಣ್ಣು ಮತ್ತೆ ಇಳಿದಿತ್ತು. ಮತ್ತೆ ತಂದು ತುಂಬಿದೆ.

ಎಂಟನೇ ತಿಂಗಳಲ್ಲಿ ಕಾಲು ಬಾತು, ನೀರಿನ ಕೊಡ ಹೊತ್ತವಳು ಎಚ್ಚರ ತಪ್ಪಿ ಬಿದ್ದಳೆಂದು ದಾವಣಗೆರೆಯ ಆಸ್ಪತ್ರೆಗೆ ತಂದರು. ಡಾಕ್ಟರಮ್ಮ ಅವಳ ಕಣ್ಣಿನ ಕೆಳಗೆ ಬೆರಳಿಟ್ಟು ಎಳೆದು ನೋಡಿದರು. ಒಳಗೆ ಕೆಂಪೇ ಇರಲಿಲ್ಲ. ಹೊರಗೆ ಬಂದು ನನ್ನನ್ನು ಕೇಳಿದರು, "ಈಕೆ ಮಣ್ಣು ತಿಂತಿದ್ದಳೇನಮ್ಮ?" ಮೈಯಲ್ಲಿ ರಕ್ತ ಕಡಿಮೆಯಾದ ಬಸುರಿಯರಿಗೆ ಮಣ್ಣಿನ ಬಯಕೆ ಹುಟ್ಟುತ್ತದಂತೆ. ತಿಂದಷ್ಟೂ ರಕ್ತ ಇನ್ನೂ ಇಳಿಯುತ್ತದಂತೆ. ಮೊದಲೇ ಗೊತ್ತಾಗಿದ್ದರೆ ಔಷಧಿ ಇತ್ತಂತೆ. ಇಲ್ಲ ಎನ್ನಲು ಹೊರಟಿದ್ದೆ. ಜರಡಿ ಹಿಡಿದ ನನ್ನ ಕೈಗಳೇ ಕಣ್ಣಮುಂದೆ ಬಂದವು.

ತಾಯಿ ಮಗು ಇಬ್ಬರನ್ನೂ ಮರುದಿನ ಮಣ್ಣು ಮಾಡಿ ಬಂದೆವು. ಆ ಮಾತಿಗೆ ಬೇರೆ ಶಬ್ದ ಹುಡುಕಿದೆ, ಸಿಗಲಿಲ್ಲ. ಬೇಗ ಬಾಡುವ ಗಿಡ ಕೊಟ್ಟಿದ್ದರೆ ಬುಡದ ಮಣ್ಣು ಹೋದ ವಾರದಲ್ಲೇ ಎಲೆ ಜೋಲು ಬೀಳುತ್ತಿತ್ತು, ಯಾಕೆ ಹೀಗಾಯಿತು ಎಂದು ನಾನೇ ಕೆದಕಿ ಕೇಳುತ್ತಿದ್ದೆ. ಲೋಳೆಸರ ಬೇರು ಹೊರಗೆ ಬಿದ್ದರೂ ಹಸಿರಾಗಿ ನಿಂತು ಎಲ್ಲವನ್ನೂ ಮುಚ್ಚಿಟ್ಟಿತು. ಇಷ್ಟು ವರ್ಷವಾದರೂ ಈ ಯೋಚನೆ ನನ್ನನ್ನು ಬಿಟ್ಟಿಲ್ಲ.

ಆರು ತಿಂಗಳು ಕಳೆದಿರಲಿಲ್ಲ, ಚಂದ್ರಪ್ಪ ಮನೆಗೆ ಬಂದ. ಊಟಕ್ಕೆ ಕಷ್ಟ, ಬಟ್ಟೆಗೆ ಕಷ್ಟ ಎಂದೆಲ್ಲ ಹೇಳಿ ಕೊನೆಗೆ ಬಾಯಿಬಿಟ್ಟ. "ನೀನೇ ಒಂದು ಹುಡುಗಿ ನೋಡಕ್ಕ. ಗೌರಿ ಹಂಗೆ, ಏನೂ ಕೇಳದೋಳು." ಅವನಿಗೆ ಕುಂಡದ ವಿಷಯ ನಾನು ಹೇಳಿರಲಿಲ್ಲ. ಅವತ್ತು ಹೇಳಿದೆ. ಮಣ್ಣು ತುಂಬಿಕೊಟ್ಟವಳು ನಾನೇ ಎಂದೂ ಹೇಳಿದೆ.

"ತನಗೇನು ಬೇಕೋ ಅದನ್ನ ಆಕಿ ಬಾಯಿಬಿಟ್ಟು ಕೇಳಬೇಕಿತ್ತು," ಅಂದ.

"ಕೇಳಬಾರ್ದು ಅಂತಲೇ ಅಲ್ಲೇನೋ ನಾವು ಆಕೀನ ಆರಿಸಿ ತಂದಿದ್ದು?"

ಟೀ ಹಾಗೇ ಬಿಟ್ಟು ಎದ್ದುಹೋದ. ಹುಡುಗಿಯನ್ನು ಬೇರೆ ಯಾರೋ ನೋಡಿಕೊಟ್ಟರು. ಮದುವೆಗೆ ನನ್ನನ್ನು ಕರೆಯಲಿಲ್ಲ. ಕರೆದಿದ್ದರೂ ಆ ಹುಡುಗಿಯ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಸಂಜೆ ಎದುರುಮನೆಯಾಕೆ ಬಂದರು. ಲೋಳೆಸರವನ್ನೇ ಹಚ್ಚಿ ಕೊಟ್ಟೆ, ಗಿಡದ ತಪ್ಪೇನಿದೆ. ಕೂತು ಒಂದು ಲೋಟ ಟೀ ಕುಡಿಯಿರಿ ಎಂದೆ. ಏನೂ ಬೇಡ ಎಂದು ಕೈಯಾಡಿಸಿದರು. ಮತ್ತೆ ಕೇಳಿದೆ. ಬೇಡ ಎಂದೆನಲ್ಲ ಎಂದು ನಕ್ಕರು. ಮೂರನೇ ಸಲ ಕೇಳಿದಾಗ ನನ್ನನ್ನು ಒಂದು ಥರ ನೋಡಿ, ಕುಂಡ ಕೆಳಗಿಟ್ಟು ಕೂತರು. ಈ ಮುದುಕಿಯದು ಅತಿಯಾಯಿತು ಎಂದು ಗಂಡನ ಹತ್ತಿರ ಹೇಳಿಕೊಂಡಿರಬಹುದು. ಹೇಳಿಕೊಳ್ಳಲಿ. ಬಯಕೆ ಏನೆಂದು ಗೌರಮ್ಮನನ್ನು ನಾನು ಒಂದೇ ಸಲ ಕೇಳಿದ್ದೆ.