ಕಾಮಕಸ್ತೂರಿಗೆ ಮೂಗಿಟ್ಟ ಅಳಿಯ

ನಮ್ಮಪ್ಪ ಬೆಂಟುವನ್ನು ಪೋರ್ತು ಪಟ್ಟಣದ ಹೊಳೆದಂಡೆಯವರು ಹುಲ್ಲುಹುಚ್ಚ ಎಂದೇ ಕರೆಯುತ್ತಿದ್ದರು. ಮದ್ದಿನಂಗಡಿಯಲ್ಲಿ ಬೇರು ಕುಟ್ಟುವುದು ಅವನ ಹೊಟ್ಟೆಪಾಡು. ಬಿಡುವಾದರೆ ಬೆಟ್ಟ ಹತ್ತಿ ಗಿಡಗಳನ್ನು ಕಿತ್ತು ತಂದು ಕಾಗದದ ನಡುವೆ ಒಣಗಿಸುತ್ತಿದ್ದ. ನೋಡಲು ಒಂದೇ ಥರದ ಎರಡು ಹುಲ್ಲುಕಡ್ಡಿ ಬೇರೆ ಬೇರೆ ಜಾತಿಯವೆಂದು ಸಾಧಿಸಲು ಊಟ ಬಿಡುತ್ತಿದ್ದ. ಆ ಕಾಲದಲ್ಲಿ ಈ ವಿದ್ಯೆಗೆ ನಮ್ಮಲ್ಲಿ ಕಾಸಿನ ಕಿಮ್ಮತ್ತಿರಲಿಲ್ಲ. ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಪೀಪಾಯಿ ಮಾಡುವ ಗಾಸ್ಪರನ ಮಗಳು ಲಿಯೊಕಾಡಿಯಳ ಮೇಲೆ ಅವನಿಗೆ ಮನಸ್ಸಾಯಿತು. ಅವಳಿಗೆ ಇವನು ಬೇಕೋ ಬೇಡವೋ ತಿಳಿಯದು. ಗಿಡದ ಮುಖ ಓದಬಲ್ಲವನಿಗೆ ಹೆಣ್ಣಿನ ಮುಖ ಓದಲು ಬರುತ್ತಿರಲಿಲ್ಲ.

ಸಂತ ಜುವಾಂವ್ ಹಬ್ಬದಂದು ಹುಡುಗರು ಮೆಚ್ಚಿದವಳಿಗೆ ಕಾಮಕಸ್ತೂರಿಯ ಕುಂಡ ಕೊಡುತ್ತಾರೆ. ಗಿಡವನ್ನು ಅಂಗೈಯಿಂದ ಸವರಿ ಕೈಯನ್ನು ಮೂಸಬೇಕು; ಗಿಡಕ್ಕೇ ಮೂಗಿಟ್ಟರೆ ಅದು ಬಾಡುತ್ತದೆ, ಪ್ರೀತಿಯೂ ಬಾಡುತ್ತದೆ. ಅಪ್ಪ ಕುಂಡ ಕೊಟ್ಟು ಸುಮ್ಮನಿರಬಾರದೇ? ಅದೆಲ್ಲ ಸುಳ್ಳೆಂದು ಎಲ್ಲರೆದುರೇ ಎಲೆಯೊಳಗೆ ಮೂಗು ತೂರಿಸಿದ. ಮೀನು ಸುಡುತ್ತಿದ್ದ ಹೆಂಗಸರ ಕೈ ಅಲ್ಲೇ ನಿಂತಿತು.

“ಸಂತ ಪೇದ್ರುವಿನ ಹಬ್ಬಕ್ಕೆ ಇನ್ನೈದು ದಿನ, ಅಲ್ಲೀವರೆಗೆ ದಿನಾ ಬಂದು ಮೂಸಯ್ಯ,” ಎಂದ ತಾತ ಗಾಸ್ಪರ್. “ಗಿಡ ಉಳಿದ್ರೆ ಮಗಳನ್ನ ಕೊಡ್ತೀನಿ. ಬಾಡಿದ್ರೆ ಈ ಬೀದಿಗೆ ಕಾಲಿಡಬೇಡ.”

“ಆಗ್ಲಿ ಮಾವ.”

“ಇನ್ನೂ ಮಾವ ಆಗಿಲ್ಲ ನಾನು.”

ಅಪ್ಪ ದಿನವೂ ಸಂಜೆ ಬಂದು ಕಿಟಕಿಯಲ್ಲಿದ್ದ ಗಿಡವನ್ನು ಮೂಸಿ ಹೋದ. ಪೇದ್ರುವಿನ ಹಬ್ಬದಂದೂ ಅದು ನಳನಳಿಸುತ್ತಿತ್ತು. ತಾತ ಗೊಣಗಿದನಾದರೂ ಮಾತಿಗೆ ತಪ್ಪಲಿಲ್ಲ. ಮುಂದೆ ಅಪ್ಪನ ಕಾಗದಗಳ ಮೇಲೆ ಭಾರಕ್ಕೆ ತಾತನ ಪೀಪಾಯಿಗಳೇ ಕೂತವು. ಬೀದಿಯವರೂ ಧೈರ್ಯವಾಗಿ ಕಾಮಕಸ್ತೂರಿಗೆ ಮೂಗಿಡತೊಡಗಿದರು. ಆ ಮಾತು ಬಂದಾಗಲೆಲ್ಲ, ವಾದವೆಂದರೆ ಎದ್ದು ಕೂರುವ ಅಪ್ಪ ಮಾತ್ರ ಜೋಳದ ರೊಟ್ಟಿ ಮುರಿಯುತ್ತ ಸುಮ್ಮನಿರುತ್ತಿದ್ದ.

ಇಬ್ಬರ ತಲೆಯೂ ಹಣ್ಣಾದ ಮೇಲೆ, ಒಂದು ಹಬ್ಬದೂಟದಲ್ಲಿ ಅಮ್ಮ ನಗು ತಡೆಯಲಾರದೆ ಬಾಯಿಬಿಟ್ಟಳು. “ನೀವು ಮೂಸಿದ್ದಕ್ಕೋ ಬಿಸಿಲಿಗೋ, ಆ ಗಿಡ ಮಾರನೇ ದಿನವೇ ಬಾಡಿತ್ತು ಕಣ್ರೀ. ನಮ್ಮ ಸೋದರತ್ತೆ ಮನೆಯಿಂದ ಬೇರೆ ಕುಂಡ ತಂದಿಟ್ಟಿದ್ದೆ.”

ಅಪ್ಪ ತಟ್ಟೆಯಿಂದ ತಲೆಯೆತ್ತಲಿಲ್ಲ. “ಗೊತ್ತು. ನಾನು ಕೊಟ್ಟದ್ದರ ದಂಟು ಕೆಂಪು, ಅದರದ್ದು ಹಸಿರು.”

“ಮತ್ಯಾಕ್ರೀ ಇಷ್ಟು ದಿನ ಹೇಳಲಿಲ್ಲ?”

“ನಿಂಗೂ ನಾನು ಬೇಕು ಅಂತ ನಂಗೆ ತಿಳಿದದ್ದೇ ಆ ಹಸಿರು ದಂಟು ನೋಡಿದ ಮೇಲೆ. ಅದಕ್ಕೇ ಅವತ್ತು ಎರಡು ಸಲ ಮೂಸಿದೆ.”