ಅಕ್ಕನ ಹೆಬ್ಬೆಟ್ಟು, ರೋಮಿನ ಮೃಗ

ನನ್ನ ಅಕ್ಕನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅರಸೀಕೆರೆಯಲ್ಲಿ ಹೆಂಗಸರ ಬಟ್ಟೆ ಹೊಲಿದು ಬದುಕುವವಳು ಅವಳು. ಕಣ್ಣಿಲ್ಲದೆ ಆಗುವ ಕೆಲಸವಲ್ಲ. ಆಪರೇಶನ್‌ಗೆ ಹೆಸರು ಬರೆಸಲು ಹೋದಾಗ ಆಸ್ಪತ್ರೆಯವರು ಆಧಾರ್‌ಗೆ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿ ಎಂದರು. ಅಕ್ಕ ಕೈಯನ್ನು ಸೆರಗಿನೊಳಗೆ ಮುದುರಿಕೊಂಡು ಎದ್ದು ಬಂದಳು. ಬೈಬಲ್ಲಿನ ಕೊನೆಯ ಪುಸ್ತಕದ ಪ್ರಕಾರ ಬಲಗೈಗೋ ಹಣೆಗೋ ಮೃಗದ ಗುರುತು ಬಿದ್ದವರಿಗೆ ಬಿಡುಗಡೆಯಿಲ್ಲ, ಆ ಗುರುತು ಹಾಕುವುದೇ ಈ ಯಂತ್ರ ಎಂದು ಅವಳ ಪಾಸ್ಟರ್ ಹೇಳಿದ್ದನಂತೆ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಜ್ವರದ ಗನ್ನೂ ಅದರ ತಾಲೀಮೇ ಆಗಿತ್ತಂತೆ.

ಅವನನ್ನು ಬಹುವಚನದಲ್ಲಿ ಬರೆಯಲು ನನಗೆ ಕೈ ಬರುವುದಿಲ್ಲ. ನಾವು ರೈಲ್ವೆ ಕಾಲೊನಿಯಲ್ಲಿ ಬೆಳೆದ ಕ್ರೈಸ್ತರ ಮಕ್ಕಳು. ನಮ್ಮ ಚರ್ಚಿನ ಅಯ್ಯನವರು ಮದುವೆ ಮಾಡಿಸುತ್ತಿದ್ದರು, ಮಣ್ಣು ಮಾಡಿಸುತ್ತಿದ್ದರು, ಕ್ರಿಸ್‌ಮಸ್ಸಿಗೆ ಕೇಕು ತಿನ್ನುತ್ತಿದ್ದರು. ಲೋಕ ಯಾವಾಗ ಮುಗಿಯುತ್ತದೆಂದು ಅವರನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಈ ಮನುಷ್ಯ ಬಂದದ್ದು ನನ್ನ ಭಾವ ತೀರಿಕೊಂಡ ಮೇಲೆ. ಭಾವ ಹಾಸನದ ಕೊರೊನಾ ವಾರ್ಡಿನಲ್ಲಿ ಸತ್ತರು. ಸುತ್ತಿದ ದೇಹವನ್ನು ಯಾರೋ ನಾಲ್ಕು ಜನ ಮಣ್ಣಿಗಿಟ್ಟರು, ಅಕ್ಕನಿಗೆ ಮುಖ ನೋಡಲು ಬಿಡಲಿಲ್ಲ. ಅಂಥ ಮನೆಗಳನ್ನು ಹುಡುಕಿಕೊಂಡು ಹೋಗುವ ಮೂಗು ಅವನಿಗಿತ್ತು.

ಬೇಲೂರಿನ ಪಿಯು ಕಾಲೇಜಿನಲ್ಲಿ ನಾನು ಚರಿತ್ರೆ ಪಾಠ ಮಾಡುತ್ತೇನೆ. ಅಕ್ಕನ ಕಣ್ಣಿನ ಸುದ್ದಿ ತಿಳಿದ ಭಾನುವಾರವೇ ಬಸ್ಸು ಹತ್ತಿ ಅವನ ಸಭೆಗೆ ಹೋದೆ. ಹಾರ್ಡ್‌ವೇರ್ ಅಂಗಡಿಯ ಮಹಡಿ ಮೇಲೆ ಒಂದು ಹಾಲು, ಗೋಡೆ ತುಂಬಾ ಫ್ಲೆಕ್ಸು. ಅದರಲ್ಲಿ ಏಳು ತಲೆಯ ಮೃಗ, ಒಂದೊಂದು ತಲೆಗೂ ಒಂದೊಂದು ದೇಶದ ಬಾವುಟ. ಒಂದು ಬಾವುಟದ ಅಂಚು ಮೇಲೆದ್ದು ಕೆಳಗಿನಿಂದ ಇನ್ನೊಂದು ದೇಶ ಇಣುಕುತ್ತಿತ್ತು. ಯುದ್ಧದ ಸುದ್ದಿ ಬದಲಾದಾಗ ಅವನು ಸ್ಟಿಕ್ಕರ್ ಬದಲಾಯಿಸುತ್ತಾನೆಂದು ಅಕ್ಕ ಗೌರವದಿಂದಲೇ ಹೇಳಿದಳು. ಟಿವಿ ನೋಡಿಕೊಂಡು ತಿದ್ದುವ ದೇವವಾಕ್ಯವನ್ನು ನಾನು ಕಂಡದ್ದು ಅದೇ ಮೊದಲು.

ಅದಾಗಿ ಸ್ವಲ್ಪ ದಿನಕ್ಕೆ ಅವನು ಸಭೆಯವರನ್ನೆಲ್ಲ ಒಂದು ಬಸ್ಸಿನಲ್ಲಿ ತುಂಬಿಕೊಂಡು ಜಾವಗಲ್ ಮೇಲೆ ಹಳೇಬೀಡಿಗೆ ಬಂದ. ನೀನು ಹತ್ತಿರದಲ್ಲೇ ಇದ್ದೀಯಲ್ಲ ಬಾ ಎಂದು ಅಕ್ಕ ಕರೆದಳು, ಹೋದೆ. ದೇವಸ್ಥಾನದ ಮುಂದಿನ ಹುಲ್ಲಿನ ಮೇಲೆ ಜನರನ್ನು ಕೂರಿಸಿ, ಮುರಿದ ಕೈಗಳ ವಿಗ್ರಹಗಳ ಕಡೆಗೆ ಬೆರಳು ತೋರಿಸಿ, ಇದು ಬೈಬಲ್ಲಿನ ಪಾಪದ ಪಟ್ಟಣ ಬಾಬೆಲಿಗೆ ಬಂದ ಶಿಕ್ಷೆ, ನಾಳೆ ಲೋಕಕ್ಕೂ ಇದೇ ಗತಿ ಎಂದ. ಸುತ್ತ ಓಡಾಡುತ್ತಿದ್ದ ಊರಿನವರು ಕೇಳಿಸಿಕೊಂಡರೆ ಏನಾದೀತೆಂಬ ಪರಿವೆಯೂ ಅವನಿಗಿರಲಿಲ್ಲ. ನಾನು ಎದ್ದು ನಿಂತು, ಈ ಊರನ್ನು ಹಾಳುಮಾಡಿದ್ದು ದಿಲ್ಲಿಯ ದಂಡು, ಅದಕ್ಕೆ ಭವಿಷ್ಯವಾಣಿ ಬೇಕಿಲ್ಲ, ಪಠ್ಯಪುಸ್ತಕ ಸಾಕು ಎಂದೆ. ಆಮೇಲೆ ಕೇಳಿದೆ:

"ಮೃಗದ ವಿಷಯ ಬರೆದವನು ಆ ಬರಹವನ್ನು ಯಾರಿಗೆ ಕಳಿಸಿದ?"

"ನಮಗೆ. ಅಂತ್ಯಕಾಲದವರಿಗೆ," ಎಂದ.

"ಹಾಗಾದರೆ ಅವನ ಕಾಲದಲ್ಲಿ ಹಿಂಸೆಗೆ ಸಿಕ್ಕಿದ್ದವರು ಅದನ್ನು ಕೇಳಿ ಏನು ಮಾಡಬೇಕಿತ್ತು? ಅರಸೀಕೆರೆಯ ರೇಷನ್ ಅಂಗಡಿಗೆ ಹೆಬ್ಬೆಟ್ಟಿನ ಯಂತ್ರ ಬರುತ್ತದೆ ಎಂದು ಸಮಾಧಾನ ಪಡಬೇಕಿತ್ತೆ?"

ಅವನು ನಗುತ್ತಾ, ಹಿಸ್ಟರಿ ಓದಿದವರಿಗೆ ಆತ್ಮದ ಮಾತು ಹತ್ತುವುದಿಲ್ಲ, ಇವರಿಗಾಗಿ ಪ್ರಾರ್ಥಿಸೋಣ ಎಂದ. ಎಲ್ಲರೂ ಕಣ್ಣು ಮುಚ್ಚಿ ನನಗಾಗಿ ಪ್ರಾರ್ಥಿಸಿದರು, ಅಕ್ಕನೂ. ಅಷ್ಟು ಜನರ ಕರುಣೆಯನ್ನು ಒಟ್ಟಿಗೆ ನುಂಗಿಕೊಂಡು ನಿಲ್ಲುವುದು ಸುಲಭವಲ್ಲ.

ಊಟದ ಹೊತ್ತಿಗೆ ಅಕ್ಕನನ್ನು ಬಸ್ತಿಹಳ್ಳಿಯ ಬಸದಿಗಳ ಕಡೆ ಕರೆದುಕೊಂಡು ಹೋದೆ. ನೆರಳಿನಲ್ಲಿ ಕೂತು ಮಕ್ಕಳಿಗೆ ಹೇಳುವ ಹಾಗೆ ಹೇಳಿದೆ. ರೋಮಿನ ಚಕ್ರವರ್ತಿ ತನ್ನನ್ನೇ ದೇವರೆಂದು ಪೂಜೆ ಮಾಡಿಸಿಕೊಳ್ಳುತ್ತಿದ್ದ. ಕೊಳ್ಳುವುದಕ್ಕೂ ಮಾರುವುದಕ್ಕೂ ಅವನ ಮುಖವಿದ್ದ ನಾಣ್ಯವೇ ಬೇಕಿತ್ತು, ಅದನ್ನೇ ಮೃಗದ ಗುರುತು ಎಂದರು. ಬಹಿರಂಗವಾಗಿ ಬೈದರೆ ತಲೆ ಹೋಗುತ್ತಿತ್ತು, ಅದಕ್ಕೇ ರೋಮನ್ನು ಬಾಬೆಲ್ ಎಂದು ಬರೆದರು, ಅವನನ್ನು ಮೃಗ ಎಂದು ಬರೆದರು. ಏಳು ತಲೆ ಏಳು ಗುಡ್ಡ, ರೋಮು ನಿಂತಿದ್ದೇ ಏಳು ಗುಡ್ಡದ ಮೇಲೆ. ಅವರ ಭಾಷೆಯಲ್ಲಿ ಅಕ್ಷರವೇ ಅಂಕಿ. ಮೃಗದ್ದೆಂದು ಬರೆದ ಆರುನೂರ ಅರವತ್ತಾರು ಎಂಬ ಆ ಭಯಂಕರ ಸಂಖ್ಯೆ ಒಬ್ಬ ಚಕ್ರವರ್ತಿಯ ಹೆಸರಿನ ಅಕ್ಷರಗಳನ್ನು ಕೂಡಿದ್ದು ಎಂದು ಬಲ್ಲವರು ಹೇಳುತ್ತಾರೆ. ಕೇಳಿಸಿಕೊಂಡವರಿಗೆ ಯಾರೆಂದು ಗೊತ್ತಾಗುತ್ತಿತ್ತು, ಗೊತ್ತಾಗಲೆಂದೇ ಬರೆದದ್ದು.

"ಹಂಗಾದ್ರೆ ಆ ಮೃಗ ಯಾವಾಗ್ಲೋ ಸತ್ತೋಗೈತೆ," ಎಂದಳು ಅಕ್ಕ.

ಹೌದು, ಸತ್ತು ಎಷ್ಟೋ ಶತಮಾನವಾಯಿತು ಎಂದೆ, ಗೆದ್ದ ಹುರುಪಿನಲ್ಲಿ.

"ಮತ್ತೆ ನಿಮ್ ಭಾವ ಯಾವಾಗ ಏಳ್ತಾರೆ? ಅವ್ರ ಮುಖ ನಾನ್ ನೋಡ್ಬೇಕು ಕಣೇ."

ಮುಂದಿನ ಮಳೆಗಾಲ ಮುಗಿಯುವುದರೊಳಗೆ ಸತ್ತವರು ಎದ್ದು ಬರುತ್ತಾರೆಂದು ಆ ಪಾಸ್ಟರ್ ಅವಳಿಗೆ ಮಾತು ಕೊಟ್ಟಿದ್ದ. ಅದಕ್ಕಾಗಿ ಅವಳು ಕಣ್ಣನ್ನೇ ಪಣಕ್ಕಿಟ್ಟಿದ್ದಳು. ಅಲ್ಲಿಯವರೆಗೆ ಅವನನ್ನು ಅಜ್ಞಾನಿ ಎಂದುಕೊಂಡಿದ್ದೆ. ಅಂದಿನಿಂದ ಹೇಸಿಗೆಯೆನಿಸಿತು. ಯಾರದೋ ಸಂಕಟಕ್ಕೆ ಯಾರೋ ಪ್ರಾಣ ಒತ್ತೆಯಿಟ್ಟು ಬರೆದ ಮಾತನ್ನು ಕದ್ದು, ವಿಧವೆಯೊಬ್ಬಳ ಮುಂದೆ ಆಡಿಸುವ ಆಟಿಕೆ ಮಾಡಿಕೊಂಡಿದ್ದ.

ಮಳೆಗಾಲ ಮುಗಿಯಿತು, ಯಾರೂ ಏಳಲಿಲ್ಲ. ಲೆಕ್ಕದಲ್ಲಿ ತಪ್ಪಿಲ್ಲ, ನಿಮ್ಮ ನಂಬಿಕೆಯಲ್ಲಿ ಕೊರತೆ ಎಂದು ಅವನು ಸಭೆಯಲ್ಲಿ ಹೇಳಿದನಂತೆ. ಅದೇ ವಾರ ಮಿಷಿನ್ನಿನ ಸೂಜಿ ಅಕ್ಕನ ಬೆರಳಿಗೆ ಇಳಿಯಿತು. ಬಟ್ಟೆ ಯಾವುದು, ಬೆರಳು ಯಾವುದು ಎಂದು ಕಂಡಿರಲಿಲ್ಲ. ಯಾರಿಗೂ ಹೇಳದೆ ಆಸ್ಪತ್ರೆಗೆ ಹೋಗಿ ಹೆಬ್ಬೆಟ್ಟು ಒತ್ತಿದಳು. ಕಣ್ಣಿಗೆ ಪಟ್ಟಿ ಕಟ್ಟಿದ ಮೇಲೆ ನನಗೆ ಫೋನು ಮಾಡಿಸಿದಳು.

ಎರಡನೇ ಕಣ್ಣೂ ಆದ ಮೇಲೆ ಬೈಬಲ್ಲಿನ ಆ ಕೊನೆಯ ಪುಸ್ತಕವನ್ನು ಮೊದಲ ಸಲ ತಾನೇ ಕೂತು ಓದಿದಳು. ಮಧ್ಯಾಹ್ನ ನಾನು ಸ್ಟಾಫ್ ರೂಮಿನಲ್ಲಿದ್ದಾಗ ಫೋನು ಬಂತು.

"ಶುರೂನಲ್ಲೇ ಏಳು ಊರುಗಳ ಹೆಸ್ರು ಬರೆದೈತಲ್ಲೇ. ಎಫೆಸ, ಸ್ಮುರ್ನ ಅಂತ. ಇವೆಲ್ಲ ನಿಜವಾದ ಊರಾ?"

ನಿಜವಾದ ಊರುಗಳೇ, ಅಲ್ಲಿಯ ಜನರಿಗೆ ಓದಿ ಹೇಳಲೆಂದೇ ಕಳಿಸಿದ್ದು ಎಂದೆ. ಭಾನುವಾರ ಸಭೆಯಲ್ಲಿ ಅವಳು ಇದನ್ನೇ ಕೇಳಿದಳಂತೆ. ಅವು ಊರುಗಳಲ್ಲ, ಏಳು ಯುಗಗಳು ಎಂದ ಅವನು, ಗುರುತು ಹಾಕಿಸಿಕೊಂಡವರ ಕಣ್ಣಿಗೆ ವಾಕ್ಯ ಸರಿಯಾಗಿ ಕಾಣುವುದಿಲ್ಲ ಎಂದೂ ಸೇರಿಸಿದ. ಅಕ್ಕ ಚಪ್ಪಲಿ ಹುಡುಕಿಕೊಂಡು ಮಹಡಿ ಇಳಿದಳು. ಈಗ ಕಾಲೊನಿಯ ಚರ್ಚಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಾಳೆ. ಅವನ ಸಭೆಯೇನೂ ಕರಗಲಿಲ್ಲ. ಜನ ಹೆಚ್ಚಿ ತಿಪಟೂರು ರಸ್ತೆಯಲ್ಲಿ ದೊಡ್ಡ ಹಾಲು ಹಿಡಿದಿದ್ದಾನೆ. ಸುಳ್ಳಾದ ಭವಿಷ್ಯ ಯಾವ ಪಾಸ್ಟರನನ್ನೂ ಮನೆಗೆ ಕಳಿಸಿದ್ದನ್ನು ನಾನು ಕಂಡಿಲ್ಲ.

ಕಳೆದ ತಿಂಗಳು ಅಕ್ಕ ರವಿಕೆಗೆ ಗುಂಡಿ ಹಾಕುತ್ತಾ, ಆ ಏಳು ಊರಿನವರು ಓದಿಸಿಕೊಂಡು ಆಮೇಲೆ ಏನು ಮಾಡಿದರು ಎಂದು ಕೇಳಿದಳು. ಸರಿಯಾಗಿ ಗೊತ್ತಿಲ್ಲ, ಮಾರನೇ ದಿನ ಎದ್ದು ಅವರವರ ಕೆಲಸಕ್ಕೆ ಹೋಗಿರಬೇಕು ಎಂದೆ.

"ಹೋಗಿರ್ತಾರೆ," ಎಂದಳು. "ಸತ್ತೋರ ದಾರೀನೂ ಕಾಯ್ತಿರ್ತಾರೆ."