ಬೋಗಾದಿಯಲ್ಲಿ ಮಾತಾಡಿದ್ದ ನರ್ಸಿಂಗ್ ಸೀಟು

"ಮಂಜುಳ ಬರೀ ನರ್ಸ್ ಆದ್ರೆ ಸಾಲ್ದು ಕಣ್ರೀ, ಎಮ್ಮೆಸ್ಸಿ ಮಾಡಿ ನರ್ಸ್‌ಗಳಿಗೇ ಪಾಠ ಹೇಳೋಳಾಗ್ಬೇಕು."

ನನ್ನ ಹೆಂಡತಿ ಕೊನೆಗೆ ಆಡಿದ ಮಾತು ಇದು. ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಅವಳು ಹೋದ ಮೇಲೆ ಆ ಮಾತು ನನ್ನನ್ನು ಕೂರೋಕೆ ಬಿಡಲಿಲ್ಲ. ಬೋಗಾದಿ ಕಡೆ ಹೊಸದಾಗಿ ಶುರುವಾಗಿದ್ದ ನರ್ಸಿಂಗ್ ಕಾಲೇಜಲ್ಲಿ ಮಗಳು ಮಂಜುಳಂಗೆ ಸೀಟು ಮಾತಾಡಿಬಿಟ್ಟೆ. ನಾನು ಆಟೋ ಓಡಿಸುವವನು. ಸ್ವಂತ ಬಸ್ಸಿಟ್ಟಿರೋ ಕಾಲೇಜು ಸುಳ್ಳಿರಲ್ಲ ಅಂದುಕೊಂಡೆ.

ಸೇರಿಸುವ ಹಿಂದಿನ ದಿನ ಸರಸ್ವತಿಪುರಂಗೆ ಅಂತ ಒಬ್ಬರು ಮೇಡಂ ಆಟೋ ಹತ್ತಿದರು. ನರ್ಸಿಂಗ್ ಪಾಠ ಹೇಳುವವರಂತೆ. ತಡೆಯಲಾರದೆ ಎಲ್ಲ ಹೇಳಿದೆ.

"ಆ ಕಾಲೇಜಿಗೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಬಂದಿದ್ಯಾ?" ಅಂದರು.

"ಒಳ್ಳೆ ಹೆಸರಿದೆ ಮೇಡಂ. ಬಸ್ಸೂ ಇದೆ."

"ಹೆಸರು ಹೆಂಗಾದ್ರೂ ಇರ್ಲಿ ಯಜಮಾನ್ರೇ. ಚೆನ್ನಾಗಿ ಓದಿದ್ರೆ ಸಣ್ಣ ಕಾಲೇಜಿನವ್ರಿಗೂ ಎಮ್ಮೆಸ್ಸಿ ಸೀಟು ಸಿಗುತ್ತೆ. ಮಾನ್ಯತೆ ಇಲ್ದಿದ್ರೆ ಅರ್ಜಿನೇ ತಗೊಳಲ್ಲ."

ನನಗೆ ಸಿಟ್ಟು ಬಂತು. "ಆಟೋದವನ ಮಗಳು ಅಂತ ಹೆದರಿಸ್ತೀರಾ?"

"ನಮ್ಮಪ್ಪ ಟಾಂಗಾ ಓಡಿಸ್ತಿದ್ರು ಕಣ್ರೀ. ಮೊದ್ಲು ಗಾಡಿ ತಿರುಗಿಸಿ, ಮಾತಲ್ಲಿ ನಮ್ಮನೆ ದಾಟಿ ಬಂದ್ಬಿಟ್ರಿ."

ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಮಗಳನ್ನು ಕೂರಿಸಿಕೊಂಡು ಬೋಗಾದಿಗೆ ಹೋದೆ. ಆಫೀಸಿನವರು ಕೂರಿಸಿ ಕಾಫಿ ಕೊಟ್ಟರು.

"ಮಾನ್ಯತೆ ಬಂದಿದ್ಯಾ ಸಾರ್?"

"ಮುಂದಿನ ವರ್ಷ ಬಂದ್ಬುಡುತ್ತೆ, ಯೋಚನೆ ಮಾಡ್ಬೇಡಿ."

"ಹಂಗಾದ್ರೆ ಮಗಳೂ ಮುಂದಿನ ವರ್ಷವೇ ಬರ್ತಾಳೆ ಬುಡಿ" ಅಂದೆ. ಮಾನ್ಯತೆ ಇರುವ ಕಾಲೇಜು ಹುಡುಕಿಕೊಂಡು ಇಬ್ಬರೂ ಹೊರಟೆವು. ಕಾಫಿ ಮಾತ್ರ ಪೂರ್ತಿ ಕುಡಿದೇ ಎದ್ದಿದ್ದೆ, ಚೆನ್ನಾಗಿತ್ತು.